ಗುರುತಿನ ಗಂಟಿಲ್ಲದ ಹತ್ತು ಬ್ಯಾಗು

ನಮ್ಮಲ್ಲಿ ಮುದ್ದೆ ಕಟ್ಟುವ ಹೊತ್ತಿಗೆ ಇಟಲಿಯಲ್ಲಿ ಜನ ಇನ್ನೂ ಬೆಳಗಿನ ಕಾಫಿ ಕುಡಿಯುತ್ತಿರುತ್ತಾರೆ. ಇದು ಯಾರೂ ಪಾಠ ಹೇಳಿ ಗೊತ್ತಾದದ್ದಲ್ಲ, ಫೋನಿನಲ್ಲಿ ಕಣ್ಣಾರೆ ನೋಡಿದ್ದು. ನನ್ನ ತಂಗಿಯ ಮಗಳು ಅಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಇಲ್ಲಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಯಾರೋ ದಾರಿ ತೋರಿಸಿದರು, ಭಾಷೆ ಕಲಿತಳು, ಹೋದಳು. ಆ ಊರಿನ ಹೆಸರನ್ನು ಎಷ್ಟು ಸಲ ಹೇಳಿಕೊಟ್ಟರೂ ನನ್ನ ನಾಲಿಗೆಗೆ ಹತ್ತಲಿಲ್ಲ. ಇಟಲಿ ಅಂತಲೇ ಬರೆಯುತ್ತೇನೆ.

ಅವಳು ದಿನ ಬಿಟ್ಟು ದಿನ ಫೋನು ಮಾಡುತ್ತಾಳೆ. ಅಲ್ಲಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ತನ್ನ ಕೆಲಸ ಮಾಡಿಕೊಳ್ಳುತ್ತಾಳೆ. ನಾನು ಇಲ್ಲಿ ಉಪ್ಪಿನ ಜಾಡಿಗೆ ಒರಗಿಸಿ ನನ್ನ ಕೆಲಸ ಮಾಡಿಕೊಳ್ಳುತ್ತೇನೆ. ಮಾತಿದ್ದರೆ ಆಡುತ್ತೇವೆ, ಇಲ್ಲದಿದ್ದರೆ ಎರಡು ಮನೆಯ ಪಾತ್ರೆ ಸದ್ದು ಕೇಳುತ್ತಿರುತ್ತದೆ. ಹಾಗೆ ನೋಡಿ ನೋಡಿ ಆ ಅಡುಗೆಮನೆಯಲ್ಲಿ ಯಾವ ಸಾಮಾನು ಎಲ್ಲಿದೆ ಅಂತ ನನಗೆ ಬಾಯಿಪಾಠವಾಗಿದೆ.

ಕಾಫಿಗೆ ಮೈಸುತ್ತ ಮೂಲೆಗಳಿರುವ ಒಂದು ಸಣ್ಣ ಪಾತ್ರೆ ಇದೆ. ಒಲೆಯ ಮೇಲಿಟ್ಟರೆ ಗೊರಗೊರ ಅನ್ನುತ್ತದೆ. ಬರುವ ಕಾಫಿ ಒಂದು ಗುಟುಕು. ಅಷ್ಟಕ್ಕೆ ಅಷ್ಟೊಂದು ಸದ್ದು ಯಾಕೋ. ಮುದುಕಿ ಅದಕ್ಕೆ ಹಾಲು ಸುರಿದು ಒಣ ಬ್ರೆಡ್ಡು ಅದ್ದಿ ತಿನ್ನುತ್ತಾಳೆ, ನಮ್ಮ ಬೀದಿಯವರು ಟೀಯಲ್ಲಿ ಬನ್ನು ಅದ್ದಿದ ಹಾಗೇ. ಮಧ್ಯಾಹ್ನಕ್ಕೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಹಿಟ್ಟಿನಲ್ಲಿ ಮಾಡಿದ ಕೊಳವೆಯಂಥದನ್ನು ಬೇಯಿಸುತ್ತಾರೆ. ಬೆಂದಿದೆಯಾ ಅಂತ ಒಂದನ್ನು ಬಾಯಿಗೆ ಹಾಕಿ ನೋಡುವುದು ಮುದುಕಿಯ ಕೆಲಸ. ಒಳಗೆ ಸ್ವಲ್ಪ ಗಟ್ಟಿ ಇರಬೇಕಂತೆ. ನಾವು ಹಿಟ್ಟನ್ನು ನುಂಗುವವರು, ಅವರು ಅಗಿಯುವವರು. ಅಷ್ಟೇ ವ್ಯತ್ಯಾಸ.

ಒಗೆದ ಬಟ್ಟೆಯನ್ನು ಕಿಟಕಿಯಾಚೆ ಹಗ್ಗಕ್ಕೆ ಹಾಕಿ, ರಾಟೆಯಲ್ಲಿ ಎಳೆದು, ಬೀದಿಯ ಮೇಲೆ ತೇಲಿಬಿಡುತ್ತಾರೆ. ಒಳಬಟ್ಟೆಯೂ ಅಲ್ಲೇ, ಎಲ್ಲರ ತಲೆಯ ಮೇಲೆ. ಊಟದ ಹೊತ್ತಿಗೆ ಅಂಗಡಿಯವರೆಲ್ಲ ಬಾಗಿಲು ಎಳೆದುಕೊಂಡು ಮನೆಗೆ ಹೋಗಿ ಮಲಗುತ್ತಾರೆ. ಆ ದೇಶದ ಮೇಲೆ ನನಗೆ ಮರ್ಯಾದೆ ಬಂದಿದ್ದು ಇದನ್ನು ಕೇಳಿದ ಮೇಲೆ.

ನಾನು ಹುಟ್ಟಿದ್ದು ಬೇತಮಂಗಲದ ಕಡೆಯ ಹಳ್ಳಿಯಲ್ಲಿ. ಮದುವೆಯಾಗಿ ಚಿನ್ನದ ಗಣಿಯ ನಂದಿದುರ್ಗದ ಲೈನು ಮನೆಗೆ, ಅಂದರೆ ಗಣಿಯವರಿಗೆ ಕಟ್ಟಿದ ಸಾಲುಮನೆಗೆ ಬಂದೆ. ಗಂಡನದು ಗಣಿಗೆ ಇಳಿಯುವ ಕೆಲಸ. ಈಗ ಗಣಿಯೂ ಇಲ್ಲ, ಗಂಡನೂ ಇಲ್ಲ, ಮನೆ ಇದೆ. ಮಗ ಸೊಸೆ ಬೆಳಿಗ್ಗೆ ಮಾರಿಕುಪ್ಪಂ ರೈಲು ಹಿಡಿದು ಕೂಲಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಹಗಲೆಲ್ಲ ನನಗೆ ಜೊತೆ ಪಕ್ಕದ ಮನೆಯವಳು. ಅವಳ ಮನೆಗೂ ನನ್ನ ಮನೆಗೂ ಗೋಡೆ ಒಂದೇ. ಅವಳು ಕೆಮ್ಮಿದರೆ ನನ್ನ ಕಡೆ ಕೇಳಿಸುತ್ತದೆ.

ಅವಳು ತಮಿಳಿನವಳು. ನಾನು ಬಂದ ವರ್ಷವೇ ಅವಳೂ ಸೊಸೆಯಾಗಿ ಬಂದಳು. ನನ್ನ ಬಾಯಲ್ಲಿ ಕನ್ನಡ ತೆಲುಗು ಇತ್ತು, ತಮಿಳು ನಲ್ಲಿಯ ಹತ್ತಿರ ಬಿಂದಿಗೆ ಜಗಳದಲ್ಲಿ ಬಂತು. ಅವಳಿಗೆ ಕನ್ನಡವೂ ಹಾಗೇ ಬಂತು. ನನಗಿಂತ ಎರಡು ವರ್ಷ ಚಿಕ್ಕವಳು, ಅದಕ್ಕೆ ಅಕ್ಕ ಅನ್ನುತ್ತಾಳೆ. ಆದರೆ ವೈರ್ ಬ್ಯಾಗು ಹಾಕುವುದನ್ನು ನನಗೆ ಕಲಿಸಿದವಳು ಅವಳು. ಅದನ್ನು ಮರೆಯಲು ಇವತ್ತಿಗೂ ಬಿಟ್ಟಿಲ್ಲ.

ವೈರ್ ಬ್ಯಾಗು ನೀವೆಲ್ಲ ನೋಡಿರುತ್ತೀರಿ. ಪ್ಲಾಸ್ಟಿಕ್ ವೈರನ್ನು ಮೊಳ ಹಾಕಿ ಕತ್ತರಿಸಿ, ನಡುವೆ ಮಡಿಸಿ, ಒಂದಕ್ಕೊಂದು ಗಂಟು ಹಾಕುತ್ತಾ ಮೊದಲು ತಳ ಮಾಡಬೇಕು. ತಳದಿಂದ ಗೋಡೆ ಎಬ್ಬಿಸಬೇಕು. ಬಾಯಿ ಮುಗಿಸಿ ಹಿಡಿ ಕೂಡಿಸಬೇಕು. ಸೂಜಿ ಇಲ್ಲ, ಮಿಷನ್ನು ಇಲ್ಲ. ಬೆರಳು ಬೇಕು, ಬಿಸಿಲು ಬೇಕು. ವೈರು ಬಿಸಿಲಿಗೆ ಒಂದಿಷ್ಟು ಮೆತ್ತಗಾದರೆ ಗಂಟು ಚೆನ್ನಾಗಿ ಕೂರುತ್ತದೆ.

ಗಣಿ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ಲೈನಿನ ಪ್ರತಿ ಮನೆಯಿಂದಲೂ ಒಂದು ವೈರ್ ಬ್ಯಾಗು ಊಟದ ಕ್ಯಾರಿಯರ್ ಹೊತ್ತು ಗಣಿಗೆ ಹೋಗುತ್ತಿತ್ತು. ಅಂಗಡಿಯಲ್ಲಿ ಸಿಗುತ್ತಿದ್ದ ವೈರು ಎರಡೇ ಬಣ್ಣ, ಕೆಂಪು ಮತ್ತು ಹಸಿರು. ಕೆಳಗೆ ಹೋದರೆ ಕತ್ತಲು, ಅಲ್ಲಿ ಕೆಂಪೂ ಒಂದೇ ಹಸಿರೂ ಒಂದೇ. ಬ್ಯಾಗುಗಳನ್ನೆಲ್ಲ ಒಂದು ಕಡೆ ಸಾಲಾಗಿ ಇಡುತ್ತಿದ್ದರು. ಯಾವುದು ಯಾರದು ಅಂತ ಗಂಡಸರು ಕೈಯಲ್ಲಿ ತಡವಿ ತಿಳಿಯಬೇಕು. ಅದಕ್ಕೆ ನಾವು ಹೆಂಗಸರು ತಲೆಗೊಂದು ಗುರುತು ಮಾಡಿಕೊಂಡಿದ್ದೆವು. ನನ್ನದು, ಎಡಗಡೆ ಹಿಡಿಯ ಕೆಳಗೆ, ಬಾಯಿಯಿಂದ ಮೂರನೆಯ ಸಾಲಿನಲ್ಲಿ, ಒಂದು ಗಂಟನ್ನು ಬೇಕಂತಲೇ ತಿರುವಿ ಹಾಕುವುದು. ಅದೊಂದು ಗಂಟು ಮಚ್ಚೆಯ ಹಾಗೆ ಉಬ್ಬಿಕೊಂಡಿರುತ್ತದೆ. ಪಕ್ಕದವಳದು, ತಳದ ಮೂಲೆಯಲ್ಲಿ ಒಂದು ಗಂಟು ಬಿಟ್ಟುಬಿಡುವುದು. ಅಲ್ಲಿ ಕಿರುಬೆರಳು ತೂರುವಷ್ಟು ಸಂದು ಇರುತ್ತದೆ.

ಒಂದು ಸಲ ನಾನು ಅವಸರದಲ್ಲಿ ಹೊಸ ಬ್ಯಾಗು ಹಾಕಿದವಳು ಗುರುತಿನ ಗಂಟು ಮರೆತೆ. ಅವತ್ತು ನನ್ನ ಗಂಡ ಯಾರದೋ ಮನೆಯ ಕರುವಾಡು ಸಾರು ಉಂಡು ಬಂದ. ಕರುವಾಡು ಅಂದರೆ ಒಣಮೀನು. ನಾನು ಕಟ್ಟಿದ್ದು ಹುರುಳಿ ಸಾರು. ಬಂದವನು ಕಾಲು ತೊಳೆದುಕೊಂಡು, "ಇವತ್ತು ಸಾರು ಭಲೇ ಸೆಂದಾಗಿತ್ತು ಕಣೇ" ಅಂದ. ಮದುವೆಯಾದ ಮೇಲೆ ನನ್ನ ಅಡುಗೆಯನ್ನು ಹೊಗಳಿದ್ದು ಅದೊಂದೇ ಸಲ, ಅದೂ ಇನ್ಯಾರದೋ ಅಡುಗೆ. ಆಮೇಲೆ ಆ ಗಂಟನ್ನು ನಾನು ಮರೆತದ್ದಿಲ್ಲ.

ಗಣಿ ಮುಚ್ಚಿತು, ಕ್ಯಾರಿಯರ್ ಅಟ್ಟ ಸೇರಿತು. ಗುರುತಿಗೆ ಕೆಲಸವಿಲ್ಲ. ಆದರೂ ಕೈ ಆ ಜಾಗಕ್ಕೆ ಬಂದರೆ ತಾನಾಗಿಯೇ ತಿರುವಿ ಹಾಕುತ್ತದೆ. ಮಾರುವ ಬ್ಯಾಗಿಗೂ ಹಾಕುತ್ತೇನೆ, ಮದುವೆಗೆ ಕೊಡುವ ಬ್ಯಾಗಿಗೂ ಹಾಕುತ್ತೇನೆ. ತಂಗಿಯ ಮಗಳು ಇಟಲಿಗೆ ಹೊರಟಾಗ ಉಪ್ಪಿನಕಾಯಿ, ಹುರಿಗಡಲೆ ಪುಡಿ ತುಂಬಿ ಒಂದು ನೀಲಿ ಬ್ಯಾಗು ಕೊಟ್ಟೆ. ಅದರಲ್ಲೂ ಇತ್ತು.

ಅವಳು ಅಲ್ಲಿ ಅದನ್ನು ಸಂತೆಗೆ ಹಿಡಿದುಕೊಂಡು ಹೋಗುತ್ತಿದ್ದಳಂತೆ. ಒಂದು ದಿನ ಬೀದಿಯಲ್ಲಿ ಒಬ್ಬ ಅಂಗಡಿಯವಳು ನಿಲ್ಲಿಸಿ ಬ್ಯಾಗು ಎಲ್ಲಿಯದು ಅಂತ ಕೇಳಿದಳು. ಅವಳ ಅಂಗಡಿ ನಮ್ಮ ಲೈನು ಮನೆಯ ಮುಂದಿನ ಕೋಣೆಯಷ್ಟು. ತಂಗಿಯ ಮಗಳು ಫೋನಿನಲ್ಲಿ ತೋರಿಸಿದ್ದಾಳೆ. ಅಲ್ಲಿರುವುದು ಬರೀ ಬ್ಯಾಗು, ಎಲ್ಲ ಕೈಯಲ್ಲಿ ಮಾಡಿದ್ದು. ಅದೇ ಬೀದಿಯ ಮುದುಕನೊಬ್ಬ ಹೊಲಿದ ಚರ್ಮದ್ದು, ಬೆಟ್ಟದ ಕಡೆಯ ಹೆಂಗಸರು ಹೆಣೆದ ಹುಲ್ಲಿನದು, ಹಳೇ ಪರದೆ ಬಟ್ಟೆಯದು. ಕಾರ್ಖಾನೆಯದನ್ನು ಅವಳು ಒಳಗೆ ಸೇರಿಸುವುದಿಲ್ಲ. ಪ್ರತಿ ಬ್ಯಾಗಿಗೂ ಒಂದು ಕಾಗದ ಕಟ್ಟಿರುತ್ತಾಳೆ. ಅದರಲ್ಲಿ ಮಾಡಿದವರ ಫೋಟೋ, ಅವರ ಬಗ್ಗೆ ಎರಡು ಮಾತು. ಕೊಳ್ಳುವವರು ಮೊದಲು ಕಾಗದ ಓದುತ್ತಾರೆ, ಆಮೇಲೆ ಬ್ಯಾಗು ನೋಡುತ್ತಾರೆ.

"ದೊಡ್ಡಮ್ಮ, ನಿನ್ ಕೈಯಿಂದ ಅತ್ತು ಬ್ಯಾಗು ಬೇಕಂತೆ" ಅಂದಳು ನಮ್ಮ ಹುಡುಗಿ. "ನಿನ್ ಪೋಟೋ ತೆಗ್ದು ಕಳ್ಸು. ನಮ್ ದೊಡ್ಡಮ್ಮಾನೇ ಆಕೋದು ಅಂತ ನಾನು ಮಾತು ಕೊಟ್ಟಿದ್ದೀನಿ."

"ಯಾಕೆ, ಅಲ್ಲಿ ಚೀಲ ಸಿಗಕಿಲ್ವಾ?"

"ಸಿಗ್ತವೆ. ನಿನ್ನಂತೋರು ಸಿಗಕಿಲ್ಲ."

"ಬೆಣ್ಣೆ ಅಚ್ಚಬೇಡ. ಯಾವಾಗ ಬೇಕು?"

ಅವಳ ಜೊತೆಯ ನರ್ಸಮ್ಮನೊಬ್ಬಳು ರಜಕ್ಕೆ ಕೋಲಾರಕ್ಕೆ ಬಂದಿದ್ದಳು. ಅವಳು ಹಿಂತಿರುಗುವಾಗ ಒಯ್ಯಬೇಕು. ಇದ್ದದ್ದು ಮೂರು ವಾರ. ಸೊಸೆಯ ಕೈಯಲ್ಲಿ ಫೋಟೋ ತೆಗೆಸಿ ಕಳಿಸಿದೆ. ಹೊಸ ಸೀರೆ ಉಟ್ಟುಕೋ ಅಂದಳು, ಉಟ್ಟುಕೊಂಡೆ. ನಗು ಅಂದಳು, ನಗಲಿಲ್ಲ.

ವೈರು ತರಲು ಪಕ್ಕದವಳನ್ನು ಕರೆದುಕೊಂಡು ರೈಲಿನಲ್ಲಿ ಬಂಗಾರಪೇಟೆಗೆ ಹೋದೆ. ವೈರಿನ ಅಂಗಡಿಯವನಿಗೆ ನಾವು ಹಳಬರು. ಒಂದೊಂದು ಸುರುಳಿಯನ್ನೂ ಅವಳು ಹಲ್ಲಿನಲ್ಲಿ ಕಚ್ಚಿ ನೋಡುತ್ತಾಳೆ. ಕಚ್ಚಿದ ಗುರುತು ಉಳಿದರೆ ಮೆತ್ತನೆಯ ಮಾಲು, ಬೇಡ. ಮುಂದಿನ ಹಲ್ಲು ಬಿದ್ದ ಮೇಲೆ ದವಡೆಯಲ್ಲಿ ಕಚ್ಚುತ್ತಾಳೆ. "ಅಮ್ಮಾ, ಅದು ಕಬ್ಬಲ್ಲ" ಅಂತ ಅಂಗಡಿಯವನು ಅಂದರೆ, "ಕಬ್ಬಾಗಿದ್ರೆ ನಿನ್ ಹತ್ರ ಯಾಕಪ್ಪಾ ಬರ್ತಾ ಇದ್ದೆ" ಅನ್ನುತ್ತಾಳೆ. ನೀಲಿ, ಹಳದಿ, ಕಾಫಿ ಬಣ್ಣ ಆರಿಸಿದೆವು. ಆಮೇಲೆ ಪಾನಿಪುರಿ. ಬಂಗಾರಪೇಟೆಗೆ ಹೋಗಿ ಪಾನಿಪುರಿ ತಿನ್ನದೆ ಅವಳು ರೈಲು ಹತ್ತುವವಳಲ್ಲ. ತಿಳಿ ನೀರನ್ನು ಎರಡು ಸಲ ಹೆಚ್ಚಿಗೆ ಹಾಕಿಸಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, "ಇಟಲಿಯೋರಿಗೆ ಇದು ಇದೆಯಾ ಅಕ್ಕಾ?" ಅಂದಳು. ಇಲ್ಲ ಅಂದೆ. "ಪಾವಂ" ಅಂದಳು, ಪಾಪ ಅಂತ.

ಕೆಲಸ ಶುರುವಾಯಿತು. ಮನೆಯ ಮುಂದಿನ ಕಲ್ಲಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತೆ. ಮೊದಲನೆಯದು ನಾಲ್ಕು ದಿನದಲ್ಲಿ ಆಯಿತು. ಎರಡನೆಯದಕ್ಕೆ ಐದು ದಿನ. ನನ್ನ ಬಲಗೈ ತೋರುಬೆರಳು ಹಿಂದೆ ಒರಳುಕಲ್ಲಿಗೆ ಸಿಕ್ಕಿ ನೆಟ್ಟಗೆ ನಿಂತುಬಿಟ್ಟಿದೆ, ಮಡಚುವುದಿಲ್ಲ. ಅದರ ಕೆಲಸವನ್ನೂ ಎಡಗೈ ಮಾಡಬೇಕು. ಚಿಕ್ಕ ವಯಸ್ಸಿನಲ್ಲಿ ಮಾಡಿತು. ಈಗ ಸಂಜೆಗೆ ಮಣಿಕಟ್ಟು ಊದುತ್ತದೆ. ಹತ್ತು ಬ್ಯಾಗು ನನ್ನೊಬ್ಬಳ ಕೈಲಿ ಆಗುವುದಿಲ್ಲ ಅಂತ ಗೊತ್ತಾಯಿತು.

ಪಕ್ಕದವಳು ಸೊಪ್ಪು ಸೋಸುತ್ತಾ ನೋಡುತ್ತಿದ್ದಳು. ಹೇಳುವ ಮೊದಲೇ ಎದ್ದು ಬಂದು ಒಂದು ಹಿಡಿ ವೈರು ಎತ್ತಿಕೊಂಡಳು.

"ನಾನ್ ಅರ್ಧ ಆಕ್ತೀನಿ. ನೀನು ಹೀಗೆ ಕೂತ್ರೆ ಆ ನರ್ಸಮ್ಮ ಇನ್ನೊಂದು ರಜಕ್ಕೆ ಬರ್ಬೇಕು."

ಈಗ ನಾನು ಮಾಡಿದ್ದನ್ನು ಬರೆಯಬೇಕು. ನಮ್ಮ ಹುಡುಗಿಗೆ ಫೋನು ಮಾಡಿ, ಇಬ್ಬರು ಹಾಕುತ್ತಿದ್ದೇವೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಫೋಟೋ ಆಗಲೇ ಹೋಗಿತ್ತು. ಹುಡುಗಿ ಮಾತು ಕೊಟ್ಟಿದ್ದಳು. ಇವೆಲ್ಲ ನೆಪ. ಇಟಲಿಯ ಅಂಗಡಿಯಲ್ಲಿ ನನ್ನ ಮುಖ ನೇತಾಡುವುದು ನನಗೆ ಹಿಡಿಸಿತ್ತು, ನಿಜ ಅದು.

ಅದಕ್ಕೆ ಪಕ್ಕದವಳಿಗೆ ಹೇಳಿದೆ. "ಲೇ, ಗುರುತು ಬೇಡ ಕಣೇ. ನೀನು ಮೂಲೇಲಿ ಸಂದು ಬುಡಬೇಡ, ನಾನೂ ತಿರುವಿ ಆಕಾಕಿಲ್ಲ. ಅತ್ತೂ ಒಂದೇ ತರ ಇರ್ಲಿ. ಪಾರಿನ್‌ನೋರು, ತಪ್ಪು ಗಂಟು ಅಂತ ಮೂಗು ಮುರೀತಾರೆ."

ಅವಳು "ಸರಿ ಅಕ್ಕಾ" ಅಂದಳು. ಆಗಲೇ ತಳದಲ್ಲಿ ಬಿಟ್ಟಿದ್ದ ಸಂದನ್ನು ಬಿಚ್ಚಿ ಮುಚ್ಚಿದಳು. ಅವಳು ಇಷ್ಟು ಬೇಗ ಯಾವುದಕ್ಕೂ ಸರಿ ಅನ್ನುವವಳಲ್ಲ. ನಾನು ಅದನ್ನು ಯೋಚಿಸಲಿಲ್ಲ.

ಗಂಟು ಬಿಡುವುದು ಹೇಳಿದಷ್ಟು ಸುಲಭ ಇರಲಿಲ್ಲ. ಮುಗಿದಿದ್ದ ಎರಡರ ಬಾಯಿಯನ್ನೂ ಬಿಚ್ಚಿ ತಿರುವಿದ ಗಂಟನ್ನು ನೆಟ್ಟಗೆ ಮಾಡಿದೆ. ಮೂರನೆಯ ಸಾಲಿಗೆ ಬಂದಾಗಲೆಲ್ಲ ಕೈ ತಾನೇ ತಿರುಗುತ್ತಿತ್ತು. ಬಿಚ್ಚಿ ನೆಟ್ಟಗೆ ಹಾಕುತ್ತಿದ್ದೆ. ಒಂದು ಬ್ಯಾಗಿನಲ್ಲಿ ಮೂರು ಸಲ ಬಿಚ್ಚಿದೆ. ಮಧ್ಯೆ ಬೇತಮಂಗಲದಲ್ಲಿ ಅಣ್ಣನ ಹೆಂಡತಿ ತೀರಿಕೊಂಡಳು ಅಂತ ಹೋಗಿ ನಾಲ್ಕು ದಿನ ಇದ್ದು ಬಂದೆ. ಬಂದು ನೋಡಿದರೆ ಹತ್ತೂ ಬ್ಯಾಗು ಮುಗಿದಿದ್ದವು. ನರ್ಸಮ್ಮ ಬಂದು ಚಪ್ಪಟೆ ಮಾಡಿ ಪೆಟ್ಟಿಗೆಗೆ ತುಂಬಿಕೊಂಡು ಹೋದಳು.

ಅವತ್ತು ಮಧ್ಯಾಹ್ನ ಪಕ್ಕದವಳು ಟೀಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮಂಡಿ ನೋವು ಇರಬೇಕು ಅಂದುಕೊಂಡೆ.

ಹದಿನೈದು ದಿನ ಕಳೆಯಿತು. ನಮ್ಮ ಹುಡುಗಿ ಫೋನು ಮಾಡಿದಳು. ಸಕ್ಕರೆ ಡಬ್ಬಕ್ಕೆ ಒರಗಿಸಲಿಲ್ಲ, ಕೈಯಲ್ಲೇ ಹಿಡಿದುಕೊಂಡಿದ್ದಳು. ಮುಖ ಹತ್ತಿರ, ಕೆಂಪಗಿತ್ತು.

"ದೊಡ್ಡಮ್ಮ, ನಿಜ ಯೋಳು. ಈ ಬ್ಯಾಗು ಬಂಗಾರಪೇಟೆ ಅಂಗಡೀಲಿ ತಂದ್ಯಾ?"

"ಬಾಯ್ಮುಚ್ಚು. ಯಾರು ಯೋಳಿದ್ದು?"

ನಡೆದದ್ದು ಇದು. ಅಂಗಡಿಯವಳು ಮೊದಲು ನೋಡಿದ ನೀಲಿ ಬ್ಯಾಗಿನಲ್ಲಿ ನನ್ನ ಉಬ್ಬಿದ ಗಂಟು ಅವಳ ಬೆರಳಿಗೆ ಸಿಕ್ಕಿತ್ತು. ಇದೇನು ಅಂತ ಕೇಳಿದ್ದಳು. ನಮ್ಮ ಹುಡುಗಿ ಗಣಿಯ ಕತ್ತಲು, ಕ್ಯಾರಿಯರ್, ಒಣಮೀನು ಸಾರು, ಎಲ್ಲ ಹೇಳಿದ್ದಳು. ಅಂಗಡಿಯವಳು ಅದನ್ನೇ ನನ್ನ ಫೋಟೋದ ಕೆಳಗೆ ಅಚ್ಚು ಹಾಕಿಸಿಬಿಟ್ಟಿದ್ದಳು. ಎಡಗಡೆ ಹಿಡಿಯ ಕೆಳಗೆ ತಡವಿ ನೋಡಿ, ಒಂದು ಗಂಟು ಸಿಗುತ್ತದೆ, ಅದೇ ಈ ಹೆಂಗಸಿನ ಸಹಿ ಅಂತ. ಬ್ಯಾಗು ಹೋಗಿ ತಲುಪಿದವು. ಅವಳು ತಡವಿದಳು. ಹತ್ತರಲ್ಲಿ ಒಂದರಲ್ಲೂ ಗಂಟಿಲ್ಲ.

"ಬೇರೆ ಯಾರೋ ಮಾಡಿರೋದನ್ನ ತಂದಿದ್ದೀಯಾ ಅಂತ ನನ್ನ ಕೇಳ್ತಾಳೆ ದೊಡ್ಡಮ್ಮ" ಅಂದಳು ಹುಡುಗಿ. "ಬೈಲಿಲ್ಲ, ಮೆಲ್ಲಗೆ ಕೇಳಿದ್ಲು. ಬೈದಿದ್ರೇ ಸೆಂದಾಗಿತ್ತು. ಬ್ಯಾಗು ಎಲ್ಲಾ ವಾಪಸ್ ಮನೆಗೆ ಒತ್ಕಂಡು ಬಂದಿದ್ದೀನಿ. ಇನ್ನ ಆ ಬೀದೀಲಿ ಎಂಗೆ ಓಡಾಡ್ಲಿ?"

ನಾನು ಫೋನನ್ನು ಉಪ್ಪಿನ ಜಾಡಿಯಿಂದ ಎತ್ತಿ ಕೈಗೆ ತೆಗೆದುಕೊಂಡೆ.

"ವಯಸ್ಸಾಗಿದೆ, ಮರ್ತೋದ್ಲು ಅಂತ ಯೋಳಿಬುಡ್ಲಾ? ನಂಬ್ತಾಳೆ."

"ನಾಳೆ ಮಾಡು ಪೋನು" ಅಂತ ಇಟ್ಟೆ.

ಆ ಮಾತು ಚೆನ್ನಾಗಿತ್ತು. ಮರೆತಳು ಅಂದರೆ ಎಲ್ಲ ಮುಗಿಯುತ್ತಿತ್ತು. ಮುದುಕಿ ಮರೆತಳು ಅಂದರೆ ಯಾವ ದೇಶದವರೂ ನಂಬುತ್ತಾರೆ. ಹುಡುಗಿಯ ಮರ್ಯಾದೆ ಉಳಿಯುತ್ತಿತ್ತು, ನನ್ನ ಫೋಟೋ ಅಂಗಡಿಯಲ್ಲಿ ಉಳಿಯುತ್ತಿತ್ತು. ಮಧ್ಯಾಹ್ನ ಉಂಡೆ, ಪಾತ್ರೆ ತೊಳೆದೆ, ಕಲ್ಲಿನ ಮೇಲೆ ಕೂತೆ. ಗಣಿಯ ಮಣ್ಣು ಸುರಿದ ದಿಬ್ಬದ ಕಡೆಯಿಂದ ಗಾಳಿ ಬೀಸಿ ಬಿಳಿ ಧೂಳು ಬಾಗಿಲಿಗೆ ಬರುತ್ತಿತ್ತು. ಪಕ್ಕದ ಮನೆಯಲ್ಲಿ ಕೆಮ್ಮಿದ್ದು ಕೇಳಿಸಿತು. ಆಗ ಲೆಕ್ಕ ಸರಿಯಾಗಿ ತಲೆಗೆ ಹೋಯಿತು. ಗಂಟಿಲ್ಲದಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಒಬ್ಬಳ ಅಡುಗೆಗೆ ಇನ್ನೊಬ್ಬಳಿಗೆ ಹೊಗಳಿಕೆ ಸಿಗುತ್ತದೆ. ಆ ಒಣಮೀನಿನ ಸಾರು ಮಾಡಿದ ಹೆಂಗಸಿಗೆ, ಚೆನ್ನಾಗಿತ್ತು ಅಂತ ಇವತ್ತಿನವರೆಗೂ ಯಾರೂ ಹೇಳಿಲ್ಲ.

ಎದ್ದು ಪಕ್ಕದ ಮನೆಗೆ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಬ್ಯಾಗು ನೀನೂ ಆಕಿದ್ದು ಅಂತ ಯೋಳ್ಬೇಕು" ಅಂದೆ.

"ಯಾರಿಗೆ?"

"ಇಟಲಿಯೋಳಿಗೆ."

"ಯಾಕೆ, ಬ್ಯಾಗು ಬಿಚ್ಚೋಯ್ತಾ? ತಪ್ಪು ನಂದು ಅಂತ ಯೋಳಕ್ಕಾ?"

"ಅಲ್ಲ ಕಣೇ. ಗಂಟು ಇಲ್ಲ ಅಂತ ವಾಪಸ್ ಕಳ್ಸಿದ್ದಾಳೆ." ಎಲ್ಲವನ್ನೂ ಹೇಳಿದೆ.

ಅವಳು ಮೊರ ಕೆಳಗಿಟ್ಟಳು. ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ. "ಹದಿನೈದು ದಿವ್ಸ ಆಯ್ತಕ್ಕಾ, ನೀನು ಇದನ್ನ ಯೋಳೋಕೆ. ನಾನ್ ಕಲ್ಸಿದ ಕೆಲ್ಸ. ನನ್ ಕೈಯಲ್ಲೇ ನನ್ ಸಂದು ಮುಚ್ಸಿದೆ. ನನ್ ಗಂಡ ಸತ್ತಾಗ ಕೂಡ ಆ ಸಂದು ಇರೋ ಬ್ಯಾಗು ಪಕ್ಕದಲ್ಲೇ ಇತ್ತು."

"ಆಗ್ಲೇ ಬೈಯ್ಯೋಕೇನಾಗಿತ್ತು ನಿಂಗೆ?"

"ನೀನು ಹೊಸ ಸೀರೆ ಉಟ್ಕೊಂಡು ಪೋಟೋ ತೆಗೆಸ್ಕೊಂಡಿದ್ದೆ. ಅದನ್ನ ನೋಡಿ ಸುಮ್ನಾದೆ."

ನಾಚಿಕೆ ಆಯಿತು ಅಂತ ಬರೆದರೆ ಚೆನ್ನಾಗಿರುತ್ತದೆ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. "ಎದ್ದು ತಲೆ ಬಾಚ್ಕೋ" ಅಂದೆ. "ನಿನ್ ಪೋಟೋನೂ ಕಳ್ಸಬೇಕು."

"ಐಯೋ ವೇಂಡಾ. ಮುಂದಿನ ಹಲ್ಲಿಲ್ಲ."

"ಹಲ್ಲಲ್ಲಿ ಬ್ಯಾಗು ಆಕ್ತೀಯಾ ನೀನು? ಬಾಯಿ ಮುಚ್ಕೊಂಡು ನಿಂತ್ಕೋ."

ಮಾರನೆಯ ದಿನ ಹುಡುಗಿ ಫೋನು ಮಾಡಿದಾಗ ಇಬ್ಬರೂ ಉಪ್ಪಿನ ಜಾಡಿಯ ಮುಂದೆ ಕೂತಿದ್ದೆವು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಬ್ಬರು ಹಾಕಿದ್ದು, ಅದನ್ನು ಮುಚ್ಚಲು ಗಂಟು ಬಿಡಿಸಿದ್ದು ನಾನು, ಅವಳಲ್ಲ. ಹುಡುಗಿ ಹಣೆ ಚಚ್ಚಿಕೊಂಡಳು. "ಇದನ್ನ ಮೊದ್ಲೇ ಯೋಳಿದ್ರೆ ಇಬ್ಬರ್ದೂ ಪೋಟೋ ಆಕೋಳು ದೊಡ್ಡಮ್ಮ. ಅವಳ ಅಂಗಡಿ ನಡೆಯೋದೇ ಅದ್ರ ಮೇಲೆ." ಆಮೇಲೆ ಕೇಳಿದಳು, "ಈಗ ಯಾವುದು ಯಾರ್ದು ಅಂತ ಎಂಗೆ ಗೊತ್ತಾಗ್ಬೇಕು? ಅತ್ತೂ ಒಂದೇ ತರ ಅವೆ."

"ಒಂದೇ ತರ ಇಲ್ಲ" ಅಂದಳು ಪಕ್ಕದವಳು. "ಎಲ್ಲಾ ಮೇಜಿನ ಮೇಲೆ ನಿಲ್ಸಮ್ಮಾ."

ಹುಡುಗಿ ಹತ್ತನ್ನೂ ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಮುದುಕಿ ಕಾಫಿ ಲೋಟ ಹಿಡಿದುಕೊಂಡು ಬಂದು ಕನ್ನಡಕ ಹಾಕಿಕೊಂಡಳು. ಪಕ್ಕದವಳು ಫೋನಿಗೆ ಮೂಗು ತಗುಲುವಷ್ಟು ಬಗ್ಗಿದಳು.

"ನೆಟ್ಟಗೆ ನಿಂತಿರೋದೆಲ್ಲಾ ನಂದು. ಕುಡ್ದೋನ ತರ ಎಡಕ್ಕೆ ವಾಲಿರೋದು ನಿಮ್ ದೊಡ್ಡಮ್ಮಂದು."

ನಿಜ. ನನ್ನ ಬಲಗೈ ಬೆರಳು ಮಡಚುವುದಿಲ್ಲ, ಎಡಗೈ ಜಾಸ್ತಿ ಎಳೆಯುತ್ತದೆ, ಬ್ಯಾಗು ಎಡಕ್ಕೆ ವಾಲುತ್ತದೆ. ಇಷ್ಟು ವರ್ಷ ಹಾಕಿದ್ದೇನೆ, ನನಗೇ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

"ವಾಲಿದ್ರೆ ಏನೀಗ? ಸಾಮಾನು ಚೆಲ್ಲುತ್ತಾ?" ಅಂದೆ.

"ಚೆಲ್ಲಲ್ಲ. ನಿನ್ ಗಂಡನೂ ಹಂಗೇ ವಾಲ್ಕೊಂಡು ನಡೀತಿದ್ದ, ಬ್ಯಾಗು ಇಡ್ಕೊಂಡು ಇಡ್ಕೊಂಡು."

ಹುಡುಗಿ ನಕ್ಕಳು. ಮುದುಕಿಗೆ ಅವರ ಭಾಷೆಯಲ್ಲಿ ಹೇಳಿದಳು. ಮುದುಕಿ ಗಂಭೀರವಾಗಿ ಒಂದೊಂದು ಬ್ಯಾಗಿನ ತಲೆ ಮೇಲೂ ಬೆರಳಿಟ್ಟು ಅಲ್ಲಾಡಿಸಿ, ಇದು ಈ ಕಡೆ, ಅದು ಆ ಕಡೆ ಅಂತ ತಾನೇ ವಿಂಗಡಿಸಲು ಶುರು ಮಾಡಿದಳು. ಎರಡು ಸಲ ತಪ್ಪು ಮಾಡಿದಳು, ನಾವಿಬ್ಬರೂ ಇಲ್ಲಿಂದ ಕೂಗಿದೆವು. ಅವಳು ಅವರ ಭಾಷೆಯಲ್ಲಿ ತಿರುಗಿ ಕೂಗಿದಳು. ಯಾರಿಗೆ ಯಾರ ಮಾತೂ ತಿಳಿಯಲಿಲ್ಲ, ಕೆಲಸ ನಡೆಯಿತು. ನೆಟ್ಟಗಿದ್ದವು ಐದು. ವಾಲಿದ್ದವು ನಾಲ್ಕು. ಒಂದು ಉಳಿಯಿತು.

ಅದು ಕಾಫಿ ಬಣ್ಣದ್ದು. ತಳದ ಹತ್ತಿರ ಎಡಕ್ಕೆ ವಾಲಿ, ಮೇಲೆ ಬರುತ್ತಾ ನೆಟ್ಟಗಾಗಿತ್ತು.

"ಅದು ನಂದಲ್ಲ" ಅಂದೆ.

"ನಂದೂ ಅಲ್ಲಕ್ಕಾ. ಅಂಥ ತಳ ನಾನ್ ಆಕಲ್ಲ."

"ಅಂಥ ಬಾಯಿ ನಾನ್ ಆಕಾಕಿಲ್ಲ. ಎಷ್ಟು ಬಿಗಿ ಮಾಡವಳೆ ನೋಡು, ಕೈ ತೂರಕಿಲ್ಲ."

ಸ್ವಲ್ಪ ಹೊತ್ತು ಹೀಗೇ ಆಯಿತು. ಹುಡುಗಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಆಮೇಲೆ ಇಬ್ಬರಿಗೂ ಒಟ್ಟಿಗೆ ಜ್ಞಾಪಕ ಬಂತು. ನಾನು ಬೇತಮಂಗಲಕ್ಕೆ ಸಾವಿಗೆ ಹೋದಾಗ ತಳ ಮುಗಿಸಿ ಕಲ್ಲಿನ ಮೇಲೆ ಬಿಟ್ಟುಹೋಗಿದ್ದೆ. ಅವಳು ಎತ್ತಿಕೊಂಡು ಗೋಡೆ ಎಬ್ಬಿಸಿದ್ದಳು. ಬಂದು ನೋಡಿದಾಗ ಮುಗಿದಿತ್ತು, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಸಂಜೆ ಅಂಗಡಿ ಮತ್ತೆ ತೆರೆದ ಮೇಲೆ ಹುಡುಗಿ ಒಂಬತ್ತು ಬ್ಯಾಗು ಹೊತ್ತುಕೊಂಡು ಹೋಗಿ ಎಲ್ಲವನ್ನೂ ಹೇಳಿದಳಂತೆ. ಅಂಗಡಿಯವಳು ಬ್ಯಾಗುಗಳನ್ನು ಮೇಜಿನ ಮೇಲೆ ನಿಲ್ಲಿಸಿ ನೋಡಿದಳು. ಆಮೇಲೆ ಹಳೇ ಕಾಗದಗಳನ್ನು ತೆಗೆದು ಕಸದ ಬುಟ್ಟಿಗೆ ಹಾಕಿದಳು. ಎರಡು ಕೈ ಅಂದ ಮೇಲೆ ಎರಡು ಕಾಗದ ಅಂದಳು. ನಾಲ್ಕಕ್ಕೆ ನನ್ನ ಫೋಟೋ, ಐದಕ್ಕೆ ಅವಳದು. ಏನು ಬರೆದಿದ್ದಾಳೆ ಅಂತ ಕೇಳಿದೆ. ಒಬ್ಬಳು ಕಲಿಸಿದವಳು, ಬ್ಯಾಗು ನೆಟ್ಟಗೆ ನಿಲ್ಲುತ್ತದೆ. ಇನ್ನೊಬ್ಬಳು ಕಲಿತವಳು, ಎಡಕ್ಕೆ ವಾಲುತ್ತದೆ. ಇಷ್ಟೇ ಬರೆದಿದ್ದಾಳಂತೆ. ಇದಕ್ಕಿಂತ ಒಣಮೀನಿನ ಕಥೆಯೇ ವಾಸಿ ಇತ್ತು. ಹುಡುಗಿಗೆ ಮಾತ್ರ ಇನ್ನೊಂದು ಮಾತು ಹೇಳಿ ಕ್ಷಮೆ ಕೇಳಿದಳಂತೆ, ನಿನ್ನ ಮೇಲೆ ಅನುಮಾನ ಪಟ್ಟೆ ಅಂತ. ಒಂದು ಕಾಫಿಯನ್ನೂ ಕೊಟ್ಟಳು. ಆ ಒಂದು ಗುಟುಕಿನದೇ.

ಮೊದಲು ಮಾರಾಟವಾದದ್ದು ಪಕ್ಕದವಳದು. ಇದನ್ನು ನಾನು ಬರೆಯದಿದ್ದರೂ ಅವಳು ಹೇಳುತ್ತಾಳೆ, ಅದಕ್ಕೆ ಬರೆದಿದ್ದೇನೆ. ಕೊಂಡವಳು ಒಬ್ಬ ಮೇಷ್ಟ್ರಮ್ಮ. ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ನಮ್ಮ ಹುಡುಗಿ ಕೇಳಿ ಫೋಟೋ ತೆಗೆದು ಕಳಿಸಿದಳು. ಬ್ಯಾಗಿನಲ್ಲಿ ಪುಸ್ತಕ, ಮೇಲೆ ಒಂದು ಉದ್ದ ಬ್ರೆಡ್ಡು, ಪಕ್ಕದಲ್ಲಿ ಸೊಪ್ಪು. ಪಕ್ಕದವಳು ಆ ಫೋಟೋವನ್ನು ಲೈನಿನ ಕೊನೆಯ ಮನೆಯವರೆಗೂ ತೋರಿಸಿ ಬಂದಳು. "ನಂದು ಇಟಲೀಲಿ ಬಸ್ಸಿಗೆ ಕಾಯ್ತಾ ಇದೆ, ಅಕ್ಕಂದು ಇನ್ನೂ ಅಂಗಡೀಲೇ ವಾಲ್ಕೊಂಡಿದೆ" ಅಂತ.

ಆಮೇಲೆ ನನ್ನವೂ ಹೋದವು. ಮತ್ತೆ ಬೇಕು ಅಂತ ಅಂಗಡಿಯವಳು ಹೇಳಿ ಕಳಿಸಿದ್ದಾಳೆ. ಈ ಸಲ ಅವಸರವಿಲ್ಲ, ಎರಡೇ ಷರತ್ತು. ಗುರುತು ಬಿಡಬಾರದು, ಮಾಡಿದವರ ಹೆಸರು ಬಿಡಬಾರದು. ಬಂಗಾರಪೇಟೆಗೆ ಹೋಗಿ ವೈರು ತಂದಿದ್ದೇವೆ. ಪಾನಿಪುರಿಯೂ ಆಯಿತು. ಈಗ ಬಿಸಿಲು ಚೆನ್ನಾಗಿದೆ, ದಿನಾ ಬೆಳಿಗ್ಗೆ ಕಲ್ಲಿನ ಮೇಲೆ ಇಬ್ಬರೂ ಕೂರುತ್ತೇವೆ. ಮೂರನೆಯ ಸಾಲಿಗೆ ಬಂದರೆ ನನ್ನ ಕೈ ತಿರುಗುತ್ತದೆ, ತಿರುಗಲಿ ಅಂತ ಬಿಡುತ್ತೇನೆ. ಅವಳು ಪ್ರತಿ ತಳದ ಮೂಲೆಯಲ್ಲೂ ಕಿರುಬೆರಳು ತೂರಿಸಿ ನೋಡಿ, ಬೇಕಂತಲೇ ನನಗೆ ತೋರಿಸಿ, ಮುಂದಕ್ಕೆ ಹೋಗುತ್ತಾಳೆ.

ಹತ್ತನೆಯದು, ಆ ಕಾಫಿ ಬಣ್ಣದ್ದು, ಅಂಗಡಿಗೆ ಹೋಗಲಿಲ್ಲ. ಅದಕ್ಕೆ ಯಾವ ಕಾಗದ ಕಟ್ಟುವುದು ಅಂತ ಹುಡುಗಿ ಯೋಚಿಸುತ್ತಿರುವಾಗಲೇ ಮುದುಕಿ ಎತ್ತಿಕೊಂಡು ಹೋಗಿ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿಬಿಟ್ಟಳು. ಅದರಲ್ಲಿ ಈರುಳ್ಳಿ ಇಟ್ಟಿದ್ದಾಳೆ. ಫೋನು ಬಂದಾಗಲೆಲ್ಲ ಪಕ್ಕದವಳು ಸೊಪ್ಪು ಸೋಸುವುದನ್ನು ಬಿಟ್ಟು ಓಡಿಬಂದು, ಮೊದಲು ಅದು ಅಲ್ಲೇ ಇದೆಯಾ ಅಂತ ನೋಡುತ್ತಾಳೆ. ಇದೆ. ತಳ ವಾಲಿದೆ, ಗೋಡೆ ನೆಟ್ಟಗಿದೆ. ಗಾಳಿ ಆಡುತ್ತದೆ, ಈರುಳ್ಳಿ ಕೊಳೆತಿಲ್ಲ.